ಹಾಲಮ್ಮ ಮುಚ್ಚಿಟ್ಟ ಮಾತ್ರೆ

ದಾವಣಗೆರೆ, ಫೆಬ್ರವರಿ 30, 2168

ಬೆನ್ನುನೋವಿಗೆ ಇಂಜೆಕ್ಷನ್ ತೆಗೆದುಕೊಳ್ಳಲು ಹೊರಟಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕವು ವರ್ಷದ ಕೊನೆಗೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವಾಗಿ ಕೇಳೀತು, ಕ್ಷಮಿಸಿ. ನನ್ನ ಹೆಸರು ಋತಾ. ದನಿಮನೆಯಲ್ಲಿ ಕೆಲಸ. ಗತಿಸಿದವರು ಹೇಳಿಟ್ಟ ಮಾತುಗಳನ್ನು ಕಾಪಾಡುವ ಜಾಗವದು. ಜನ ಬೆಳಗ್ಗೆಯೇ ಬಂದು, ಮುತ್ತಜ್ಜನ ಕೆಮ್ಮನ್ನೋ ಅಜ್ಜಿಯ ಜೋಗುಳವನ್ನೋ ಕೇಳಿ, ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಹೋದ ವಾರ ಅಲ್ಲಿ ನಮ್ಮ ಮನೆತನದ ದನಿಯೂ ಸಿಕ್ಕಿತು: ನನ್ನ ಅಜ್ಜಿಯ ಅಜ್ಜಿ ಕೊಟ್ರಮ್ಮ, ಎಂಬತ್ತರ ವಯಸ್ಸಿನಲ್ಲಿ, ತನ್ನ ತಾಯಿ ಹಾಲಮ್ಮನ ಬಗ್ಗೆ ಹೇಳಿದ್ದು.

ಹಾಲಮ್ಮ ಇದೇ ಊರಿನ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಮೂಟೆ ಎತ್ತಿದವಳು. ಸೊಂಟದಿಂದ ಹಿಮ್ಮಡಿಯವರೆಗೆ ನೋವು ಎಳೆಯುತ್ತಿತ್ತು. ಎದೆಬಡಿತ ಏರುಪೇರಾಗುವ ಕಾಯಿಲೆಗೆ ಬೇರೊಂದು ಆಸ್ಪತ್ರೆಯವರು ಕೊಟ್ಟ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನುಂಗುತ್ತಿದ್ದಳು.

ಬೆನ್ನಿನ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು: "ಈ ಇಂಜೆಕ್ಷನ್ ನರದ ಸುತ್ತಲಿನ ಊತ ಇಳಿಸ್ತದೆ, ಅಷ್ಟೇ ಅಮ್ಮಾ. ಕೆಲವು ವಾರ, ಹೆಚ್ಚಂದ್ರೆ ಕೆಲವು ತಿಂಗಳು ಆರಾಮ. ಕೆಲವರಿಗೆ ಅದೂ ಇಲ್ಲ. ಆರಾಮ ಇದ್ದಾಗ ವ್ಯಾಯಾಮ ಮಾಡಿ ಸೊಂಟ ಗಟ್ಟಿ ಮಾಡ್ಕೋಬೇಕು."

ಹಾಲಮ್ಮನಿಗೆ ಕೆಲವು ವಾರವೇ ಸಾಕಿತ್ತು. ಕೊಟ್ರಮ್ಮ ಏಳು ತಿಂಗಳ ಬಸುರಿ. ಮುಂದಿನ ವಾರವೇ ಕುಬಸ, ಅಂದರೆ ಸೀಮಂತ. ಮಗಳಿಗೆ ನಿಂತು ಆರತಿ ಎತ್ತಬೇಕೆಂಬುದು ಅವಳ ಆಸೆ.

ಆಸ್ಪತ್ರೆಯ ಬೆಂಚಿನ ಮೇಲೆ ಮಗಳ ಕೈ ಅದುಮಿದಳು. "ಮಾತ್ರೆ ವಿಷ್ಯ ಎತ್ತಬ್ಯಾಡ ಕಣೇ. ಅದು ಗೊತ್ತಾದ್ರೆ ಇಂಜೆಕ್ಷನ್ ಮುಂದಕ್ಕೆ ಹಾಕ್ತಾರೆ."

"ಕೇಳಿದ್ರೆ ಏನಂತ ಹೇಳ್ಲಿ ಅವ್ವಾ?"

"ನಾನ್ ಹೇಳ್ತೀನಿ, ನೀ ಸುಮ್ನಿರು."

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ ಎಂದು ನರ್ಸ್ ಕೇಳಿದರು. ಹಾಲಮ್ಮ ಇಲ್ಲವೆಂದಳು. ಕೊಟ್ರಮ್ಮ ಗೋಡೆ ನೋಡಿದಳು.

ಇಂಜೆಕ್ಷನ್ ಆಯಿತು. ಅಂದು ಸಂಜೆ ಹಾಲಮ್ಮ ನಗುತ್ತಾ ಅಂಗಳದಲ್ಲಿ ಓಡಾಡಿದಳು. ಮರುದಿನ ಬೆನ್ನಲ್ಲಿ ಹೊಸದೊಂದು ನೋವು, ಎಡಗಾಲು ಭಾರ. ಮಧ್ಯಾಹ್ನದ ಹೊತ್ತಿಗೆ ಸೀರೆ ಒದ್ದೆಯಾಗಿದ್ದು ಅವಳ ಅರಿವಿಗೇ ಬರಲಿಲ್ಲ. ನಾಚಿಕೆಯಿಂದ, ನೀರು ಚೆಲ್ಲಿತೆಂದಳು. ಮೂರನೆಯ ಬೆಳಗ್ಗೆ ಎರಡು ಕಾಲೂ ಏಳಲಿಲ್ಲ. ಮಾತ್ರೆಯಿಂದ ತೆಳುವಾಗಿದ್ದ ರಕ್ತ, ಸೂಜಿ ಚುಚ್ಚಿದಲ್ಲಿ ಬೆನ್ನುಹುರಿಯ ಪಕ್ಕ ಸೋರಿ, ಹೆಪ್ಪುಗಟ್ಟಿ, ನರಗಳನ್ನು ಒತ್ತಿತ್ತು. ಆಪರೇಷನ್ ಮಾಡಿದರು. "ನಿನ್ನೆ ಕಾಲು ಭಾರ ಆದ ಕೂಡ್ಲೇ ಬಂದಿದ್ರೆ ಕಾಲು ಉಳೀತಿತ್ತೇನೋ," ಎಂದರು ಡಾಕ್ಟರು.

ಹಾಲಮ್ಮ ಹನ್ನೊಂದು ವರ್ಷ ಮಂಚದ ಮೇಲೆ ಬದುಕಿದಳು. "ಸುಳ್ಳು ಹೇಳಿದೋಳು ನಾನು, ನೀನಲ್ಲ," ಎಂದು ಮಗಳಿಗೆ ಎಷ್ಟು ಸಲ ಹೇಳಿದಳೋ. ಎಂಬತ್ತರ ಕೊಟ್ರಮ್ಮನ ದನಿ ಮಾತ್ರ, "ನಂಗೂ ಬಾಯಿತ್ತಲ್ಲ," ಎಂದು ಅಳುತ್ತದೆ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಇಂಥದ್ದು ಬಹಳ ಅಪರೂಪ. ಹೆಚ್ಚಿನವರು ಸುಖವಾಗಿ ಮನೆಗೆ ಬರುತ್ತಾರೆ. ಆದರೆ ನುಂಗುವ ಮಾತ್ರೆ, ಸಕ್ಕರೆ ಕಾಯಿಲೆ, ಒಗ್ಗದ ಔಷಧಿ, ಜ್ವರ, ಎಲ್ಲವನ್ನೂ ಹೇಳಿಬಿಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ, ಅದನ್ನು ಡಾಕ್ಟರುಗಳು ನಿರ್ಧರಿಸಲಿ. ಇಂಜೆಕ್ಷನ್ ಆದಮೇಲೆ ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ನಾಚಿಕೊಳ್ಳುತ್ತಾ ಕೂರಬೇಡಿ. ಜೊತೆಗೆ ಹೋದವರೇ, ನೀವೂ ಗೋಡೆ ನೋಡುತ್ತಾ ನಿಲ್ಲಬೇಡಿ.

ನಿಮ್ಮ ದನಿಯೂ ಎಂದಾದರೂ ನನ್ನ ಕೈಗೆ ಬರಬಹುದು. ಅದರಲ್ಲಿ ಇಂಥ ಅಳು ಇಲ್ಲದಿರಲಿ.

ಋತಾ