ಜಗಲಿಯವರೆಗೆ ಬರುವ ನೆಟ್

ಮಗ್ಗೆ

ಮಹಾದೇವಯ್ಯ ಮಾವನವರಿಗೆ ಪಕ್ಕದ ಮನೆಯ ಸುಮನಾ ಮಾಡುವ ನಮಸ್ಕಾರಗಳು.

ರೂಟರ್ ಕೆಟ್ಟಿತ್ತು ಎಂದಷ್ಟೇ ಬರೆದು ಮುಗಿಸುವವಳಿದ್ದೆ. ಅದು ಕೆಟ್ಟಿರಲಿಲ್ಲ. ನಿಮ್ಮ ಫೋನಿಗೆ ನೆಟ್ ಸಿಗದಂತೆ ಮಾಡಿದವಳು ನಾನೇ.

ನೆಟ್ ಕಂಪನಿ ಕೊಟ್ಟ ಡಬ್ಬಿ ಬೇಡವೆಂದು ನಾನೇ ಆರಿಸಿ ಹೊಸ ರೂಟರ್ ತಂದೆನಲ್ಲ, ಅದರಲ್ಲಿ ಯಾರ ಫೋನು ಸೇರಿಕೊಂಡಿದೆ ಎಂದು ಕಾಣುತ್ತದೆ, ಬೇಡವಾದವರನ್ನು ತಡೆಯಲೂಬಹುದು. ಮನೆಯಿಂದಲೇ ಸೇರುವ ಆಫೀಸಿನ ಮೀಟಿಂಗಿನಲ್ಲಿ ನನ್ನ ಮಾತು ತುಂಡಾಗುತ್ತಿತ್ತು; ನಿಮ್ಮ ಫೋನೇ ನೆಟ್ ಎಳೆಯುತ್ತಿದೆ ಎಂದುಕೊಂಡೆ. ಸಂಜೆ ನಮ್ಮ ಜಗಲಿಯಲ್ಲಿ ಕೂತು ನೀವು ಮೊಮ್ಮಗಳು ಸ್ನೇಹಾಳ ಮುಖ ನೋಡುತ್ತಾ ಮಾತಾಡುವುದು ಗೊತ್ತಿದ್ದೂ ತಡೆದೆ.

"ನನ್ ಫೋನ್ಗೇ ಯಾಕವ್ವ ನೆಟ್ ಬತ್ತಿಲ್ಲ? ನಿಮ್ದು ಓಡ್ತಾ ಐತಲ್ಲ" ಎಂದು ಕೇಳಿದಿರಿ. "ಮಳೆಗೆ ಹಂಗಾಗುತ್ತೆ ಮಾವ" ಎಂದೆ. ಎಂದೂ ಇಲ್ಲದೆ ಅಂದು ಕಾಫಿ ಲೋಟವನ್ನು ನೀವೇ ತೊಳೆದಿಟ್ಟು ಹೋದಿರಿ. ಆಮೇಲೆ ಜಗಲಿಗೆ ಬರಲಿಲ್ಲ.

ಮೊನ್ನೆ ಸ್ನೇಹಾ ಹಾಸ್ಟೆಲ್ಲಿನಿಂದ ಫೋನ್ ಮಾಡಿ, "ಆಂಟಿ, ತಾತಂಗೆ ನನ್ನ ಮೇಲೆ ಸಿಟ್ಟಾ? ಮುಖಾನೇ ತೋರಿಸ್ತಿಲ್ಲ" ಎಂದಳು. ಅವಳಿಗೂ ಮಳೆಯ ನೆಪವನ್ನೇ ಹೇಳಿದೆ.

ತೊಂದರೆ ನಿಮ್ಮಿಂದ ಆಗಿರಲೇ ಇಲ್ಲ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದೆ, ಸಿಗ್ನಲ್ಲಿಗೆ ಅದೇ ಅಡ್ಡವಾಗಿತ್ತು. ಈಗ ಜಗಲಿಯ ಕಿಟಕಿಗೆ ತಂದಿಟ್ಟಿದ್ದೇನೆ. ನಿಮ್ಮ ಫೋನಿಗಿದ್ದ ತಡೆಯನ್ನೂ ತೆಗೆದಿದ್ದೇನೆ. ನೀವು ಯಾರನ್ನೂ ಕೇಳಬೇಕಿಲ್ಲ, ಬಂದು ಕೂತರೆ ಸಾಕು.

ನೀವೀಗ ಇರುವ ವನಗೂರಿನ ನಿಮ್ಮ ಮಗಳ ಮನೆಯಲ್ಲಿ ಸಿಗ್ನಲ್ ಸಿಗದೆಂದು ಕಾಗದ ಬರೆಯುತ್ತಿದ್ದೇನೆ. ಅಲ್ಲಿಂದ ಹಿಂದಿರುಗಿದ ದಿನವೇ ಬನ್ನಿ. ಲೋಟ ಮಾತ್ರ ತೊಳೆಯಬೇಡಿ.

ನಿಮ್ಮ
ಸುಮನಾ

ಜುಲೈ 14, ಸೋಮವಾರ, ಅಂಚೆ ಕಚೇರಿ ತೆರೆದ ಕೂಡಲೇ ಈ ಕಾಗದ ಹಾಕುತ್ತೇನೆ.