ದೆವ್ವವನ್ನು ‘ರೀ’ ಎಂದು ಕರೆದವಳು

ಹೊಳಲ್ಕೆರೆ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ನಾಥಿಗೆ ಅನುಸೂಯಳ ಶರಣು.

ಹೇಗಿದ್ದೀಯ? ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ಸ್ವಲ್ಪ ತಡವಾಯಿತು, ನಲವತ್ತು ವರ್ಷ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ನೀನು ಬರೆದದ್ದು ಒಂದಲ್ಲ, ಮೂರು ಕಾಗದ. ಮೂರನ್ನೂ ಓದಿದೆ, ಒಂದಕ್ಕೂ ಬರೆಯಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದ ಕನ್ನಡ ಟೀಚರಿನ ಯೋಗ್ಯತೆ ಇದು.

ವಿಳಾಸ ಕೊಟ್ಟವರು ವೀರಮ್ಮ ಟೀಚರ್. ಮೊನ್ನೆ ಹೊರಕೆರೆದೇವಪುರದಲ್ಲಿ ಒಂದು ಮದುವೆಯೂಟಕ್ಕೆ ಕುಳಿತಾಗ ಪಕ್ಕದ ಎಲೆ ಅವರದು. ಶ್ರೀರಾಂಪುರದ ಶಾಲೆಯಲ್ಲಿ ಇದ್ದವರೆಂದು ತಿಳಿದು ನಿನ್ನ ಹೆಸರು ಎತ್ತಿದೆ. “ಏಕನಾಥಮ್ಮ ಮೇಡಮ್ಮಾ? ಆಕೆ ಮದ್ವೆನೇ ಆಗ್ಲಿಲ್ಲ ಕಣ್ರಿ. ಈಗ ಶ್ರೀರಾಂಪುರದ ಮನೆ ಖಾಲಿ ಮಾಡ್ತಾರಂತೆ. ಈ ತಿಂಗ್ಳ ಕೊನೀಗೆ ಹಿರಿಯೂರಿಗೆ, ತಮ್ಮನ ಮನೀಗೆ” ಎಂದರು. ನನ್ನ ಕೈಯಲ್ಲಿದ್ದ ಹೋಳಿಗೆ ಹಾಗೇ ಉಳಿಯಿತು. ಈಗ ಬರೆಯದಿದ್ದರೆ ಇನ್ನು ಯಾವತ್ತೂ ಬರೆಯುವುದಿಲ್ಲ ಎನ್ನಿಸಿತು.

ಆದರೆ ನಿನ್ನ ನೆನಪು ಮದುವೆಮನೆಯಲ್ಲಿ ಬಂದದ್ದಲ್ಲ. ಅದಕ್ಕೂ ಒಂದು ವಾರ ಮೊದಲೇ ಶುರುವಾಗಿತ್ತು. ನನ್ನ ತಂಗಿಯ ಮಗಳು ತೇಜಸ್ವಿನಿ ನಮ್ಮಲ್ಲೇ ಇದ್ದುಕೊಂಡು ದುರ್ಗದಲ್ಲಿ ಎಂ.ಎ. ಓದುತ್ತಾಳೆ. ದಿನಾ ಬಸ್ಸಿನಲ್ಲಿ ಓಡಾಟ, ಕಿವಿಯಲ್ಲಿ ಯಾವಾಗಲೂ ಒಂದು ವೈರು. ಕಾಲೇಜಿನ ಸಂಚಿಕೆಗೆ ಹಳೆಯ ದೆವ್ವದ ಸಿನಿಮಾ ಒಂದರ ಮೇಲೆ ಲೇಖನ ಬರೆದು, ತಿದ್ದಿಕೊಡು ದೊಡ್ಡಮ್ಮ ಎಂದಳು. ಯಾವ ಸಿನಿಮಾ ಗೊತ್ತೇನು? ‘ಹನ್ನೊಂದನೇ ಮೆಟ್ಟಿಲು’. ಟೀಚರ್ ಟ್ರೈನಿಂಗಿನ ಕೊನೆಯ ವರ್ಷ, ಕ್ಲಾಸಿಗೆ ಚಕ್ಕರ್ ಹೊಡೆದು ನಾವಿಬ್ಬರೂ ದುರ್ಗದಲ್ಲಿ ಮ್ಯಾಟಿನಿಗೆ ಹೋಗಿದ್ದೆವಲ್ಲ, ಅದೇ.

ಕಥೆ ನೀನು ಮರೆತಿರಲಾರೆ. ಗಿರಿಜಾ, ಸುಮತಿ ಎಂಬ ಇಬ್ಬರು ನರ್ಸುಗಳು ಹಳೆಯ ಬಂಗಲೆಯಲ್ಲಿ ಬಾಡಿಗೆಗೆ ಇರುತ್ತಾರೆ. ಹಿತ್ತಲ ಬಾವಿಯ ಹನ್ನೊಂದನೇ ಮೆಟ್ಟಿಲು ತುಳಿದ ಸುಮತಿಗೆ ದೆವ್ವ ಮೆಟ್ಟಿಕೊಳ್ಳುತ್ತದೆ. ಅವಳನ್ನು ಮದುವೆಯಾಗಬೇಕಿದ್ದ ಗಂಡು ಓಡಿಹೋಗುತ್ತಾನೆ, ಮಂತ್ರವಾದಿ ಸೋಲುತ್ತಾನೆ. ಗಿರಿಜಾ ಮಾತ್ರ ಬಿಟ್ಟು ಹೋಗುವುದಿಲ್ಲ. ಆ ಮೆಟ್ಟಿಲ ಮೇಲೆ ಕುಳಿತು ದೆವ್ವದ ತಲೆ ಬಾಚುತ್ತಾಳೆ, ಸಿಕ್ಕು ಬಿಡಿಸುತ್ತಾಳೆ. ಕೊನೆಗೆ, “ರೀ, ಸಾಕು ಏಳ್ರೀ, ಊಟಕ್ಕೆ ಬನ್ನಿ” ಎನ್ನುತ್ತಾಳೆ. ದೆವ್ವ ಬಿಟ್ಟುಹೋಗುತ್ತದೆ. ಅಲ್ಲಿಗೆ ಬಂದಾಗ ಇಡೀ ಟಾಕೀಸು ನಕ್ಕಿತ್ತು. ಹಿಂದಿನ ಸಾಲಿನವನೊಬ್ಬ, “ಲೇ, ದೆವ್ವಕ್ಕೂ ಮರ್ಯಾದೆ ಕೊಡ್ತಾಳಲ್ಲಲೇ ಇವಳು!” ಎಂದು ಕೂಗಿದ್ದ. ನಾನೂ ಬಿದ್ದು ಬಿದ್ದು ನಕ್ಕೆ. ನೀನು ನಗಲಿಲ್ಲ.

ತೇಜಸ್ವಿನಿ ಬರೆದಿದ್ದಳು: ಅವರಿಬ್ಬರದು ಬರೀ ಸ್ನೇಹವಲ್ಲ, ಪ್ರೇಮ. ಸಿನಿಮಾ ಮಾಡಿದವರಿಗೆ ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ, ದೆವ್ವದ ಮರೆಯಲ್ಲಿ ಹೇಳಿದ್ದಾರೆ ಅಂತ. ನನಗೆ ರೇಗಿಹೋಯಿತು. ಕೆಂಪು ಪೆನ್ನು ತೆಗೆದು ‘ಪ್ರೇಮ’ ಇದ್ದ ಒಂಬತ್ತು ಕಡೆಯೂ ಹೊಡೆದುಹಾಕಿ ‘ಸ್ನೇಹ’ ಎಂದು ಬರೆದೆ. ಅವಳು ಜಗಳಕ್ಕೆ ನಿಂತಳು.

“ಅಲ್ಲೀತನ್ಕ ಏ ಸುಮತಿ, ಬಾರೇ ಹೋಗೇ ಅಂತಿದ್ದೋಳು ಆ ಒಂದ್ ಸಲ ಮಾತ್ರ ರೀ ಅಂತಾಳೆ. ಯಾಕೆ ದೊಡ್ಡಮ್ಮ?”

“ಅದ್ರಾಗೇನೈತೆ? ಬರ್ರಿ, ಕುಂತ್ಕಳ್ರಿ ಅಂತ ನಾವು ಹಾಲು ಹಾಕೋನಿಗೂ ಅಂತೀವಿ.”

“ಅದು ನಮ್ ಕಡೆ. ಸಿನಿಮಾದೋರು ನಮ್ ಕಡೆಯೋರಲ್ಲ. ಸುಮ್ನೆ ರೀ ಅಂತ ಕರೆಯೋದು ಯಾರು ಯಾರನ್ನ? ನೀನು ಯಾರನ್ನ ಕರೀತೀಯ, ಹೇಳು.”

ನಾನು ಯಾರನ್ನು ಕರೆಯುತ್ತೇನೋ ಅವರು ಅಲ್ಲೇ ಪೇಪರ್ ಓದುತ್ತಿದ್ದರು. ಅವತ್ತು ಸಂಜೆ ಅವಳು ಆ ಸಿನಿಮಾವನ್ನು ಟೀವಿಗೆ ಹಾಕಿದಳು. ಯಾರೋ ಇಂಟರ್ನೆಟ್ಟಿಗೆ ಏರಿಸಿದ ಪ್ರಿಂಟು, ಗೀರುಗೀರು, ಆದರೂ ಗಿರಿಜಾಳ ಮುಖ ಕಾಣುತ್ತಿತ್ತು. ನಾಥಿ, ನಾವು ಏನು ನೋಡಿಕೊಂಡು ಬಂದಿದ್ದೆವು ಅವತ್ತು? ಅವಳು ಒಂದೊಂದು ಎಳೆಯಾಗಿ ಸಿಕ್ಕು ಬಿಡಿಸುವುದನ್ನು ನೋಡಿದ ಯಾರಿಗಾದರೂ ಗೊತ್ತಾಗಬೇಕು. ನಮ್ಮ ಯಜಮಾನರು ಕನ್ನಡಕ ಒರೆಸುತ್ತಾ, “ಊಟಕ್ಕೆ ಕರದ್ರೆ ಹೋಗೋ ದೆವ್ವಕ್ಕೆ ಮಂತ್ರವಾದಿ ಯಾಕ್ ಬೇಕಿತ್ತು?” ಎಂದರು. ಏಕಾಂತಪ್ಪನವರು ಒಳ್ಳೆಯವರು ನಾಥಿ. ಒಂದು ದಿನ ಕೈಯೆತ್ತಿದವರಲ್ಲ, ನನ್ನ ಸಂಬಳ ಕೇಳಿದವರಲ್ಲ. ಅವರ ಮೇಲೆ ನನ್ನ ದೂರು ಒಂದೂ ಇಲ್ಲ. ಇದನ್ನು ನಿನಗೆ ಹೇಳಲೇಬೇಕು, ಇಲ್ಲವಾದರೆ ಅವರಿಗೆ ಅನ್ಯಾಯವಾಗುತ್ತದೆ.

ಅವತ್ತು ಟಾಕೀಸಿನಲ್ಲಿ ನೀನು ನನ್ನ ಕೈ ಹಿಡಿದಿದ್ದೆ. ಹೆದರಿಕೆಗೆ ಎಂದುಕೊಂಡಿದ್ದೆ. ಹೆದರಿಸುವ ಭಾಗ ಮುಗಿದು ಹಾಡು ಬಂದರೂ ಬಿಟ್ಟಿರಲಿಲ್ಲ. ಮರುವಾರ ಮತ್ತೆ ನೋಡಬೇಕೆಂದು ಹಟ ಮಾಡಿದವಳೂ ನೀನೇ.

ಆಮೇಲೆ ಆ ದಿನ. ಟ್ರೈನಿಂಗ್ ಮುಗಿದಿತ್ತು, ನನ್ನ ಮದುವೆ ಗೊತ್ತಾಗಿತ್ತು. ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹೊಳಲ್ಕೆರೆ ಬಸ್ಸಿಗೆ ಹತ್ತಿಸಲು ನೀನು ಬಂದಿದ್ದೆ. ಎರಡು ವರ್ಷ ಒಂದೇ ರೂಮಿನಲ್ಲಿ ‘ಲೇ ಅನ್ಸೂಯಾ’ ಬಿಟ್ಟು ಬೇರೆ ಕರೆದವಳಲ್ಲ ನೀನು. ಕಿಟಕಿಯ ಕಂಬಿ ಹಿಡಿದುಕೊಂಡು, “ರೀ, ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ” ಎಂದೆ. ನಾನು ಮದುವೆಯಾಗುವವಳೆಂದು ನೀನು ಮರ್ಯಾದೆ ಕೊಟ್ಟು ದೂರ ಮಾಡಿದೆ ಎಂದುಕೊಂಡೆ. ನಮ್ಮ ಕಡೆ ಹಾಲಿನವನಿಗೆ ಅನ್ನುವ ಹಾಗೆ ನನಗೂ ಅಂದಳಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿಗೇ ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಒಂದು ಅಕ್ಷರವನ್ನು ತಪ್ಪಾಗಿ ಕೇಳಿಸಿಕೊಂಡು ನಲವತ್ತು ವರ್ಷ ಕಳೆದೆ ನೋಡು.

ತೇಜಸ್ವಿನಿಗೆ ಲೇಖನ ವಾಪಸು ಕೊಟ್ಟೆ. ನಿನ್ನ ಪದವನ್ನೇ ಇಟ್ಟುಕೋ, ಒಂಬತ್ತೂ ಕಡೆ ಇರಲಿ ಎಂದೆ. ಯಾಕೆ ಮನಸ್ಸು ಬದಲಾಯಿತು ಎಂದು ಕೇಳಿದಳು. ವ್ಯಾಕರಣ ಸರಿಯಾಗಿದೆ ಎಂದು ಹೇಳಿ ಅಡುಗೆಮನೆಗೆ ಹೋದೆ.

ನೀನು ಮನೆ ಖಾಲಿ ಮಾಡುವ ಮೊದಲು ಒಂದು ಸಲ ಬರಲೇ? ಇಪ್ಪತ್ತಮೂರು ಭಾನುವಾರ. ಹೊಸದುರ್ಗಕ್ಕೆ ಬಂದು ಅಲ್ಲಿಂದ ಶ್ರೀರಾಂಪುರದ ಬಸ್ಸು ಹಿಡಿಯುತ್ತೇನೆ. ಈ ವಯಸ್ಸಿನಲ್ಲಿ ನನಗೆ ಏನೂ ಬೇಕಾಗಿಲ್ಲ. ಎದುರು ಕುಳಿತು ಒಂದು ಲೋಟ ಕಾಫಿ ಕುಡಿದು, ಬೇಕಾದರೆ ಪಾತ್ರೆಪಗಡ ಗೋಣಿಚೀಲಕ್ಕೆ ತುಂಬಿಕೊಟ್ಟು ಬರುತ್ತೇನೆ. ಬರಬೇಡ ಎಂದಾದರೆ ಉತ್ತರ ಬರೆಯಬೇಡ, ನನಗೆ ತಿಳಿಯುತ್ತದೆ. ಉತ್ತರ ಬರೆಯದಿರುವ ವಿದ್ಯೆ ನಿನಗೆ ಕಲಿಸಿದವಳೇ ನಾನು.

ದುರ್ಗದ ಬೆಟ್ಟದ ಮೇಲಿರುವ, ನಿನ್ನ ಹೆಸರಿನ ದೇವಿ ತಾಯಿ ನಿನ್ನ ಕಣ್ಣು, ಮೊಣಕಾಲು ನೆಟ್ಟಗಿಟ್ಟಿರಲಿ. ಹಿರಿಯೂರಿನಲ್ಲಿ ನಿನಗೆ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅನುಸೂಯ

ಮರೆತಿದ್ದು: ಮರೆತದ್ದೇನೂ ಅಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ, ಅದನ್ನು ಇಟ್ಟುಕೊಂಡು ನಿನ್ನ ಹೊಸ್ತಿಲು ತುಳಿಯಲಾರೆ. ನೀನು ‘ರೀ’ ಎಂದದ್ದನ್ನು ನಾನು ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಆಗಲೇ ಎಲ್ಲ ಅರ್ಥವಾಯಿತು. ಪಕ್ಕದ ಸೀಟಿನಲ್ಲಿದ್ದ ಹೆಂಗಸು ನಿನ್ನನ್ನೂ ನನ್ನನ್ನೂ ನೋಡಿ, “ನಿಮ್ಮೋರೇನವ್ವಾ ಆಕೆ?” ಎಂದು ಕೇಳಿದಳು. “ನಮ್ಮೋರಲ್ಲ, ಯಾರೋ ಏನೋ” ಎಂದೆ. ಬಸ್ಸಿನ ಗದ್ದಲದಲ್ಲಿ ನಿನಗೆ ಕೇಳಿಸಿರಲಿಕ್ಕಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಆಮೇಲೂ ನೀನು ಮೂರು ಕಾಗದ ಬರೆದೆ, ಒಂದರಲ್ಲೂ ಆ ಮಾತು ಎತ್ತಲಿಲ್ಲ. ಆದರೆ ನಿನಗೆ ಕೇಳಿಸಿತ್ತು ನಾಥಿ. ಬಸ್ಸು ಇನ್ನೂ ಹೊರಟಿರಲಿಲ್ಲ, ನೀನು ಕಂಬಿಯ ಮೇಲಿದ್ದ ಕೈ ತೆಗೆದೆ.