ಕೊಳವೆ ಇಳಿದ ಜಾಗದ ಮಣ್ಣು

ಮಾನ್ಯ ಮುಖ್ಯಾಧಿಕಾರಿಗಳೇ,

ತಪ್ಪು ಮಾಡಿದವನೇ ಬಂದು ಒಪ್ಪಿಕೊಂಡರೂ ಒಪ್ಪದ ಕಚೇರಿ ತಮ್ಮದೊಂದೇ ಇರಬೇಕು. ತಮ್ಮ ನೆಡುತೋಪಿನ ಮಣ್ಣಿನ ಬಗ್ಗೆ ನಾನು ಕೊಟ್ಟ ವರದಿ ಸುಳ್ಳು ಎಂದು ಮೂರು ಸಲ ಬರೆದೆ. ಮೂರು ಸಲವೂ ‘ಕಡತ ಮುಕ್ತಾಯಗೊಂಡಿದೆ’ ಎಂಬ ಒಂದೇ ಸಾಲು ಬಂತು. ಅದೇ ವರದಿಯನ್ನು ನೆಚ್ಚಿಕೊಂಡು ಬರುವ ಸೋಮವಾರ ಹಳ್ಳದಾಚೆಯ ಹಳೆಯ ಕಾಡು ಕಡಿದು, ಅಲ್ಲೂ ತೋಪು ಎಬ್ಬಿಸಲು ಹೊರಟಿದ್ದೀರಿ. ಅದಕ್ಕೇ ಊರೆಲ್ಲ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಜೀವಗಳಿವೆ: ನುಸಿಗಳು, ಬಾಲ ಮಡಚಿ ಚಿಮ್ಮುವ ಹುಳಗಳು. ಉದುರಿದ ಎಲೆ ಗೊಬ್ಬರವಾಗುವುದರಲ್ಲಿ ಅವುಗಳ ಪಾಲು ದೊಡ್ಡದು. ಮಣ್ಣನ್ನು ಆಲಿಕೆಯಲ್ಲಿಟ್ಟು ಮೇಲೆ ಬಲ್ಬು ಉರಿಸಿದರೆ, ಬಿಸಿ ತಾಳದೆ ಕೆಳಗಿನ ಸೀಸೆಗೆ ಇಳಿಯುತ್ತವೆ. ಎಣಿಸಿದರೆ ಮಣ್ಣಿನ ಆರೋಗ್ಯ ತಿಳಿಯುತ್ತದೆ. ಪಾಪ, ಅವಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೆ ನಾನಿದ್ದೆನಲ್ಲ!

ಆ ವರದಿಗೆ ಮಣ್ಣು ತರಲು ಹೋದ ದಿನ ತೋಪಿನ ಮರದ ಸಾಲುಗಳ ನಡುವೆ ನೆಲ ಕಲ್ಲಾಗಿತ್ತು. ಮಣ್ಣು ತೆಗೆಯುವ ಕೊಳವೆ ಎಷ್ಟು ಬಡಿದರೂ ಇಳಿಯಲಿಲ್ಲ. ಇಳಿಯದಿರುವುದೇ ಉತ್ತರ ಎಂದು ಇಪ್ಪತ್ತೆರಡು ವರ್ಷ ಮಣ್ಣು ನೋಡಿದವನಿಗೆ ಹೊಳೆಯಬೇಡವೇ? ಸೊಂಟ ನೋಯುತ್ತಿತ್ತು. ತೋಪಿನ ಕಾವಲುಗಾರನ ಮನೆಯ ಹಿಂದೆ ನೆಲ ಬೆಣ್ಣೆಯಂತಿತ್ತು. ಸಾಲುಗಳ ಮಣ್ಣಿಗೆಂದು ತಂದಿದ್ದ ಹನ್ನೆರಡೂ ಡಬ್ಬಿಗೆ ಅಲ್ಲಿನದನ್ನೇ ತುಂಬಿಕೊಂಡೆ.

ಕಾವಲುಗಾರನ ಹೆಂಡತಿ ನಕ್ಕರು. “ಅಯ್ಯೋ ಸಾರ್, ಅದು ನಾನು ಪಾತ್ರೆ ತೊಳೆದ ನೀರು ಚೆಲ್ಲೋ ಜಾಗ!”

“ಹುಳ ಸಿಕ್ಕಿದ್ರೆ ಆಯ್ತಲ್ಲಮ್ಮ,” ಎಂದೆ.

ಸಿಕ್ಕವು, ಸಾವಿರಗಟ್ಟಲೆ. ‘ತೋಪಿನ ಮಣ್ಣು ಕಾಡಿನ ಮಣ್ಣಿಗೆ ಸಮ’ ಎಂದು ಸಹಿ ಹಾಕಿದೆ. ತಾವು ಪ್ರಶಂಸಾಪತ್ರ ಕೊಟ್ಟಿರಿ. ನಾನು ಅದಕ್ಕೆ ಗಾಜಿನ ಕಟ್ಟು ಹಾಕಿಸಿದೆ.

ಕಾಡು ಕಡಿಯುವ ಆದೇಶ ಓದಿದ ದಿನವೇ ಹಾರೆ ಹಿಡಿದು ಹೋಗಿ ಸಾಲುಗಳ ನಡುವೆಯೇ ಅಗೆದೆ. ಹನ್ನೆರಡು ಡಬ್ಬಿಯಲ್ಲಿ ಸಿಕ್ಕಿದ್ದು ಒಂಬತ್ತೇ ಜೀವ. ನಾನು ಅಗೆಯುವುದನ್ನು ಆ ತಾಯಿ ಕೊಡ ಹಿಡಿದು ನೋಡುತ್ತಿದ್ದರು.

“ಕಾಡಿನ ಬುಡದ ಒರತೆ ಬಿಟ್ರೆ ನಮ್ಗೆ ಬೇರೆ ನೀರಿಲ್ಲ ಸಾರ್. ಕಾಡು ಕಡೀಬಹುದು ಅಂತ ನೀವೇ ಬರ್ಕೊಟ್ರಂತೆ, ಹೌದಾ?”

ಹೌದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರದ ಕೊಡಲಿ ನಿಲ್ಲಿಸಿ. ಮೊದಲು ತಾವೇ ತೋಪಿಗೆ ಬಂದು, ಯಾವ ಸಾಲಿನ ನಡುವೆ ಬೇಕಾದರೂ ಕೊಳವೆ ಬಡಿಯಿರಿ. ಇಳಿಯದಿದ್ದರೆ ನನ್ನನ್ನು ಕೆಲಸದಿಂದ ತೆಗೆಯಿರಿ, ಕಾಡು ಉಳಿಸಿ. ಪ್ರಶಂಸಾಪತ್ರವನ್ನು ಕಟ್ಟು ಸಮೇತ ವಾಪಸು ಕಳಿಸಿದ್ದೇನೆ. ನ್ಯಾಯವಾಗಿ ಅದು ಪಾತ್ರೆ ತೊಳೆದವರಿಗೆ ಸೇರಬೇಕು.

ಇಂತಿ,
ಮೆತ್ತಗಿದ್ದ ಕಡೆಯೇ ಅಗೆದ,
ತಮ್ಮ ಮೆಚ್ಚಿನ ಮಣ್ಣು ಪರೀಕ್ಷಕ